ಕಾರು ಬಿಸಿಯಾಗುವುದು ಓಡುವಾಗಲೋ, ನಿಂತಾಗಲೋ?

ಉಪ್ಪಳದ ಸರ್ವೀಸ್ ರಸ್ತೆಯಲ್ಲಿ ಸಿಕ್ಕಿಕೊಂಡಿದ್ದೆವು. ಏಪ್ರಿಲ್ ತಿಂಗಳ ನಡುಮಧ್ಯಾಹ್ನ, ಮುಂದೆ ಜಲ್ಲಿ ಹೇರಿದ ಟಿಪ್ಪರ್, ಹಿಂದೆ ಮಂಗಳೂರು ಬಸ್ಸಿನ ಹಾರ್ನು. ದೇರಳಕಟ್ಟೆ ಆಸ್ಪತ್ರೆಗೆ ತೋರಿಸಲು ಹೊರಟಿದ್ದ ಅತ್ತೆ ಹಿಂದಿನ ಸೀಟಿನಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಏಸಿಯಿಂದ ಬರುತ್ತಿದ್ದದ್ದು ಬರೀ ಬಿಸಿಗಾಳಿ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಅರ್ಧ ದಾಟಿ, ಮುಕ್ಕಾಲಿಗೆ ಬಂದು, ಕೆಂಪು ಗೆರೆಯ ಕಡೆ ಹೊರಟಿತ್ತು. ಹೊಸಂಗಡಿ ದಾಟಿ ರಸ್ತೆ ಬಿಡುವಾದದ್ದೇ ತಡ, ಮುಳ್ಳು ತನ್ನಷ್ಟಕ್ಕೆ ಇಳಿಯಿತು. ಏಸಿಯೂ ತಣ್ಣಗಾಯಿತು.

ಇದು ಮೊದಲ ಸಲ ಅಲ್ಲ. ಅದಕ್ಕೆ ಎರಡು ತಿಂಗಳ ಹಿಂದೆ ಇದೇ ಉಪದ್ರಕ್ಕೆ ಒಂದು ಗ್ಯಾರೇಜಿನವರು ಹೊಸ ರೇಡಿಯೇಟರ್ ಹಾಕಿ ಆರು ಸಾವಿರ ತೆಗೆದುಕೊಂಡಿದ್ದರು. ಇನ್ನೊಂದು ಕಡೆ ಏಸಿಗೆ ಗ್ಯಾಸ್ ತುಂಬಿಸಿದ್ದೂ ಆಗಿತ್ತು. ಕೊನೆಗೆ ಬದಿಯಡ್ಕದ ಕಡೆಯ ಒಂದು ಸಣ್ಣ ವರ್ಕ್‌ಶಾಪಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ಊರಿಗೆಲ್ಲ ಬರೀ 'ಇಚ್ಚ'. ಬಾನೆಟ್ ಎತ್ತುವ ಮೊದಲೇ ಅವರು ಕೇಳಿದ್ದು ಒಂದೇ ಪ್ರಶ್ನೆ:

"ಮಾಷ್ಟ್ರೇ, ಬಿಸಿ ಆಗುವುದು ಓಡುವಾಗಲಾ, ನಿಂತಾಗಲಾ?"

ನಿಂತಾಗ ಎಂದೆ. ಇಚ್ಚ ಫ್ಯಾನಿನ ರಿಲೇ ಬದಲಾಯಿಸಿದರು. ಇನ್ನೂರೈವತ್ತು ರೂಪಾಯಿ.

ನಮ್ಮ ಕಾಸರಗೋಡಿನ ಕಡೆ ಹತ್ತು ಹದಿನೈದು ವರ್ಷದ ಹಳೆಯ ಕಾರು ಇಲ್ಲದ ಮನೆ ಕಡಿಮೆ. ಹೆದ್ದಾರಿ ಕೆಲಸದ ಗದ್ದಲ, ಬೇಸಗೆಯ ಸೆಕೆ, ನಡುನಡುವೆ ಮಡಿಕೇರಿಗೋ ಸುಬ್ರಹ್ಮಣ್ಯಕ್ಕೋ ಘಾಟಿ ಪ್ರಯಾಣ. ಮ್ಯಾನುವಲ್ ಇರುವುದು ಇಂಗ್ಲಿಷಿನಲ್ಲಿ, ವರ್ಕ್‌ಶಾಪಿನ ಮಾತು ಅರ್ಧ ಮಲಯಾಳ, ಅರ್ಧ ತುಳು. ನಡುವೆ ನಿಂತ ಮಾಲಕನಿಗೆ ಅರ್ಥವಾಗುವುದು ಬಿಲ್ಲು ಮಾತ್ರ. ಇಚ್ಚನ ಆ ಒಂದು ಪ್ರಶ್ನೆಯ ಹಿಂದೆ ಏನೇನಿತ್ತು ಎಂದು ಬಿಡಿಸಿ ಹೇಳುವ ಪ್ರಯತ್ನ ಇದು.

ನೂರು ರೂಪಾಯಿಯ ಪೆಟ್ರೋಲು ಎಲ್ಲಿ ಹೋಗುತ್ತದೆ

ಎಂಜಿನ್ ಎಂದರೆ ಮೊದಲಿಗೆ ಒಂದು ಒಲೆ. ಸಿಲಿಂಡರ್ ಎಂಬ ಕೊಳವೆಯೊಳಗೆ ಪೆಟ್ರೋಲು ಗಾಳಿಯ ಜೊತೆ ಸೇರಿ ಉರಿಯುತ್ತದೆ. ಆ ಉರಿಯ ಒತ್ತಡ ಪಿಸ್ಟನ್ನನ್ನು ಕೆಳಗೆ ದೂಡುತ್ತದೆ, ಅದರಿಂದ ಚಕ್ರ ತಿರುಗುತ್ತದೆ. ನೂರು ರೂಪಾಯಿಯ ಪೆಟ್ರೋಲು ಹಾಕಿದರೆ ಚಕ್ರದ ಪಾಲಿಗೆ ಸಿಗುವುದು ಇಪ್ಪತ್ತೈದು, ಮೂವತ್ತು ರೂಪಾಯಿಯದ್ದು. ಉಳಿದದ್ದು ಬಿಸಿ. ಆ ಬಿಸಿಯಲ್ಲಿ ಹೆಚ್ಚುಕಡಿಮೆ ಅರ್ಧ ಸೈಲೆನ್ಸರಿನ ಹೊಗೆಯೊಟ್ಟಿಗೆ ಹೊರಗೆ ಹೋಗುತ್ತದೆ. ಮತ್ತರ್ಧ ಎಂಜಿನ್ನಿನ ಲೋಹಕ್ಕೆ ಏರುತ್ತದೆ.

ಒಳಗಿನ ಉರಿಯ ಬಿಸಿ ಒಂದು ಗಳಿಗೆಗೆ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಎಂಜಿನ್ನಿನ ಮೇಲ್ಭಾಗ, ಅಂದರೆ 'ಹೆಡ್', ಹೆಚ್ಚಿನ ಕಾರುಗಳಲ್ಲಿ ಅಲ್ಯುಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯುಮಿನಿಯಂ 660 ಡಿಗ್ರಿಗೆ ಕರಗಿ ನೀರಾಗುತ್ತದೆ. ಹಾಗಿದ್ದೂ ಎಂಜಿನ್ ಕರಗದೆ ಉಳಿಯುವುದು ಅದರ ಮೈಯೊಳಗಿನ ಸಂದುಗಳಲ್ಲಿ ಸದಾ ಹರಿಯುವ ನಾಲ್ಕೈದು ಲೀಟರ್ ದ್ರವದಿಂದ. ಒಲೆಯ ಮೇಲೆ ನೀರಿಲ್ಲದ ಪಾತ್ರೆ ಇಟ್ಟು ಮರೆತವರಿಗೆ ಇದರ ಗುಟ್ಟು ಗೊತ್ತು. ನೀರಿರುವಷ್ಟು ಹೊತ್ತು ಪಾತ್ರೆಗೆ ಏನೂ ಆಗುವುದಿಲ್ಲ.

ನೀರು ಸುತ್ತುವ ದಾರಿ

ಆ ದ್ರವದ ಹೆಸರು ಕೂಲೆಂಟ್. ಅದನ್ನು ಸುತ್ತಿಸುವುದು ವಾಟರ್ ಪಂಪ್. ಎಂಜಿನ್ ತಿರುಗಿದಂತೆ ಒಂದು ಬೆಲ್ಟ್ ಈ ಪಂಪನ್ನೂ ತಿರುಗಿಸುತ್ತದೆ. ಎಂಜಿನ್ನಿನ ಬಿಸಿ ಹೊತ್ತ ಕೂಲೆಂಟ್ ರಬ್ಬರಿನ ಹೋಸ್ ಪೈಪಿನಲ್ಲಿ ಕಾರಿನ ಮೂತಿಯ ಹಿಂದಿರುವ ರೇಡಿಯೇಟರಿಗೆ ಬರುತ್ತದೆ. ಅಲ್ಲಿ ತೆಳ್ಳನೆಯ ಕೊಳವೆಗಳು, ಅವುಗಳಿಗಂಟಿದ ಕಾಗದದಂಥ ತಗಡಿನ ಎಸಳುಗಳು. ಬಿಸಿ ಚಹಾವನ್ನು ತಟ್ಟೆಗೆ ಹೊಯ್ದು ಕುಡಿಯುವ ಅಜ್ಜಂದಿರನ್ನು ನೋಡಿದ್ದೀರಲ್ಲ, ರೇಡಿಯೇಟರ್ ಮಾಡುವುದೂ ಅದನ್ನೇ: ದ್ರವವನ್ನು ಹರಡಿ ಗಾಳಿಗೆ ಒಡ್ಡುವುದು. ತಣಿದ ಕೂಲೆಂಟ್ ಮತ್ತೆ ಎಂಜಿನ್ನಿಗೆ.

ಈ ಗಾಳಿ ಬರುವುದು ಎಲ್ಲಿಂದ? ಕಾರು ಓಡುತ್ತಿದ್ದರೆ ಎದುರುಗಾಳಿಯೇ ಸಾಕು. ನಿಂತರೆ ಗಾಳಿಯೂ ನಿಂತಿತು. ಆಗಿನ ಕೆಲಸಕ್ಕೆ ರೇಡಿಯೇಟರಿನ ಬೆನ್ನಿಗೊಂದು ಕರೆಂಟಿನ ಫ್ಯಾನ್. (ಹಳೆಯ ಅಂಬಾಸಿಡರಿನಂಥ ಗಾಡಿಗಳಲ್ಲಿ ಫ್ಯಾನನ್ನು ಎಂಜಿನ್ನೇ ಬೆಲ್ಟಿನಿಂದ ತಿರುಗಿಸುತ್ತಿತ್ತು.) ಕೂಲೆಂಟ್ ಒಂದು ಮಟ್ಟಕ್ಕಿಂತ ಬಿಸಿಯಾದಾಗ ಸೆನ್ಸರ್ ಹೇಳುತ್ತದೆ, ರಿಲೇ ಎಂಬ ಬೆಂಕಿಪೆಟ್ಟಿಗೆಗಿಂತ ಚಿಕ್ಕದೊಂದು ಸ್ವಿಚ್ ಕರೆಂಟ್ ಹರಿಸುತ್ತದೆ, ಫ್ಯಾನ್ ತಿರುಗುತ್ತದೆ. ನನ್ನ ಕಾರಿನಲ್ಲಿ ಆ ರಿಲೇಯ ಒಳಗಿನ ತುದಿ ಕರಕಲಾಗಿತ್ತು. ಇಚ್ಚ ಅದರ ಮುಚ್ಚಳ ಬಿಡಿಸಿ ತೋರಿಸಿದಾಗ ಸುಟ್ಟ ಪ್ಲಾಸ್ಟಿಕ್ಕಿನ ನಾತ ಇನ್ನೂ ಇತ್ತು. ಹೊಸ ರೇಡಿಯೇಟರ್ ಪಾಪ, ಗಾಳಿಯೇ ಇಲ್ಲದೆ ಏನು ಮಾಡೀತು?

ಇನ್ನು ಥರ್ಮೋಸ್ಟಾಟ್. ವರ್ಕ್‌ಶಾಪಿನಲ್ಲಿ ಇದನ್ನು ಬರೀ 'ವಾಲ್ವ್' ಎನ್ನುವವರೂ ಇದ್ದಾರೆ. ಎಂಜಿನ್ನಿಗೂ ರೇಡಿಯೇಟರಿಗೂ ನಡುವಿನ ತನ್ನಿಂತಾನೇ ತೆರೆಯುವ ಬಾಗಿಲು ಇದು. ಒಳಗೆ ಮೇಣ ತುಂಬಿದ ಪುಟ್ಟ ಕೋಶ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಬಾಗಿಲು ಮುಚ್ಚಿರುತ್ತದೆ, ಎಂಜಿನ್ ಬೇಗ ಕಾಯಲಿ ಎಂದು. ಸುಮಾರು 82ರಿಂದ 88 ಡಿಗ್ರಿಗೆ ಮೇಣ ಕರಗಿ ಹಿಗ್ಗಿ ಬಾಗಿಲನ್ನು ದೂಡುತ್ತದೆ.

ಬಿಸಿಯಾಗುವ ಕಾರಿಗೆ ಈ ವಾಲ್ವನ್ನೇ ಕಿತ್ತು ಬಿಸಾಡುವ ಚಾಳಿ ನಮ್ಮಲ್ಲಿ ಬಹಳ. "ನಮ್ಮ ಊರಿನ ಸೆಕೆಗೆ ಅದು ಬೇಡ" ಎಂಬ ಸಮಜಾಯಿಷಿ ನಾನೇ ಎರಡು ಕಡೆ ಕೇಳಿದ್ದೇನೆ. ಕಿತ್ತರೆ ಎಂಜಿನ್ ತನಗೆ ಬೇಕಾದಷ್ಟು ಕಾಯುವುದಕ್ಕೇ ತುಂಬ ಹೊತ್ತು ಹಿಡಿಯುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಕಂಪ್ಯೂಟರ್ ಪೆಟ್ರೋಲು ಹೆಚ್ಚು ಸುರಿಯುತ್ತದೆ. ಮೈಲೇಜ್ ಇಳಿಯುತ್ತದೆ, ಆಯಿಲ್ ಬೇಗ ಕೆಡುತ್ತದೆ, ಪಿಸ್ಟನ್ ರಿಂಗುಗಳು ಬೇಗ ಸವೆಯುತ್ತವೆ. ವಾಲ್ವ್ ಕೆಟ್ಟಿದೆಯೋ ಎಂದು ನೋಡುವುದು ಅಡುಗೆಮನೆಯ ಕೆಲಸ. ಬೇಡವಾದ ಪಾತ್ರೆಯಲ್ಲಿ ನೀರಿಟ್ಟು, ವಾಲ್ವನ್ನು ನೂಲಿನಲ್ಲಿ ಇಳಿಬಿಟ್ಟು ಕಾಯಿಸಿ. ಕುದಿ ಬರುವ ಮೊದಲೇ ಅದು ಮೆಲ್ಲ ಬಾಯಿ ಬಿಡಬೇಕು, ನೀರು ಆರಿದಂತೆ ಮತ್ತೆ ಮುಚ್ಚಬೇಕು. ತೆರೆಯಬೇಕಾದ ಡಿಗ್ರಿಯನ್ನು ಅದರ ಮೈಮೇಲೆಯೇ ಒತ್ತಿರುತ್ತಾರೆ.

ಕೊನೆಯದು ಮುಚ್ಚಳ. ರೇಡಿಯೇಟರಿನ ಮುಚ್ಚಳ ಬರೀ ಮುಚ್ಚುವುದಕ್ಕಲ್ಲ. ಕುಕ್ಕರಿನಲ್ಲಿ ಒತ್ತಡ ಹೆಚ್ಚಿದಾಗ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ, ಅದಕ್ಕೇ ಕುಚ್ಚಲಕ್ಕಿ ಬೇಗ ಬೇಯುವುದು. ಇಲ್ಲಿಯೂ ಅದೇ ಉಪಾಯ. ಮುಚ್ಚಳದ ಸ್ಪ್ರಿಂಗ್ ಸುಮಾರು ಒಂದು ವಾತಾವರಣದಷ್ಟು ಒತ್ತಡ ಹಿಡಿದಿಟ್ಟರೆ ಬರೀ ನೀರೂ 120 ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ. ಮುಚ್ಚಳದ ರಬ್ಬರ್ ಸತ್ತರೆ ಈ ರಕ್ಷಣೆಯೂ ಹೋಯಿತು. ಮಡಿಕೇರಿ ಸಮುದ್ರಮಟ್ಟದಿಂದ ಸಾವಿರದ ನೂರೈವತ್ತು ಮೀಟರಿನಷ್ಟು ಮೇಲೆ. ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಕಾಸರಗೋಡಿನಲ್ಲಿ ಹೇಗೋ ನಡೆಯುವ ಸಡಿಲ ಮುಚ್ಚಳದ ಕಾರು ಘಾಟಿಯ ತುದಿಯಲ್ಲಿ ಉಕ್ಕುವುದಕ್ಕೆ ಇದೂ ಒಂದು ಕಾರಣ. ಮುಚ್ಚಳದ ಬೆಲೆ ಇನ್ನೂರು ಮುನ್ನೂರು ರೂಪಾಯಿ. ಅನುಮಾನವಿದ್ದರೆ ಯೋಚಿಸದೆ ಬದಲಾಯಿಸಬಹುದಾದ ಸಾಮಾನು ಇದೊಂದೇ.

ಇಚ್ಚನ ಪ್ರಶ್ನೆಗೆ ಉತ್ತರಗಳು

ಹೊತ್ತು ನೋಡಿ ರೋಗ ಹೇಳುವುದು ಎಂದರೆ ಇದು.

ಟ್ರಾಫಿಕ್ಕಿನಲ್ಲಿ ನಿಂತಾಗ ಬಿಸಿ, ಓಡಿದರೆ ಸರಿ. ಹಾಗಾದರೆ ನೀರು ಸುತ್ತುವ ದಾರಿಯೆಲ್ಲ ಸರಿಯಿದೆ, ಗಾಳಿ ಮಾತ್ರ ಇಲ್ಲ. ಫ್ಯಾನ್, ಅದರ ಫ್ಯೂಸ್, ರಿಲೇ, ಸೆನ್ಸರ್, ವಯರು. ಮನೆಯಲ್ಲೇ ಪರೀಕ್ಷಿಸಬಹುದು: ಎಂಜಿನ್ ಚಾಲೂ ಮಾಡಿ ಏಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಏಸಿಯ ಕಂಪ್ರೆಸರ್ ಹಿಡಿದ ಕೂಡಲೇ ಮುಂದಿನ ಫ್ಯಾನೂ ತಿರುಗಬೇಕು. ಆಮೇಲೆ ಏಸಿ ಬಂದ್ ಮಾಡಿ ಹಾಗೇ ಬಿಡಿ. ಮುಳ್ಳು ಅರ್ಧದ ಹತ್ತಿರ ಬಂದ ಮೇಲೆ ಫ್ಯಾನ್ ಒಮ್ಮೆ ತಿರುಗಿ, ತಣಿದ ಮೇಲೆ ನಿಲ್ಲಬೇಕು. ಕೈ ಮಾತ್ರ ದೂರ ಇರಲಿ, ಕೆಲವು ಕಾರುಗಳಲ್ಲಿ ಕೀಲಿ ತೆಗೆದ ಮೇಲೂ ಅದು ತಟ್ಟನೆ ತಿರುಗುತ್ತದೆ.

ಹೆದ್ದಾರಿಯಲ್ಲಿ ಎಂಬತ್ತರಲ್ಲಿ ಓಡುವಾಗ ಬಿಸಿ, ನಿಧಾನಿಸಿದರೆ ಇಳಿಕೆ. ಗಾಳಿ ಧಾರಾಳ ಸಿಗುತ್ತಿದೆ, ಆದರೂ ಸಾಲುತ್ತಿಲ್ಲ. ರೇಡಿಯೇಟರಿನ ಒಳಕೊಳವೆಗಳು ಕಿಲುಬು ಕಟ್ಟಿರಬಹುದು, ಹೊರಗಿನ ಎಸಳು ಕೆಂಪು ಧೂಳಿನಿಂದ ಮುಚ್ಚಿರಬಹುದು. ಪಂಪಿನ ಎಸಳು ಸವೆದು ನೀರು ಸರಿಯಾಗಿ ಸುತ್ತದೆಯೂ ಇರಬಹುದು. ಹೆದ್ದಾರಿ ಕೆಲಸ ನಡೆಯುವ ಕಡೆ ದಿನಾ ಓಡಾಡುವ ಕಾರುಗಳ ಮೂತಿ ನೋಡಿದರೆ ಸಾಕು, ಮುರಕಲ್ಲಿನ ಹುಡಿ ಹದವಾಗಿ ಗಿಲಾಯಿ ಮಾಡಿದಂತೆ ಕೂತಿರುತ್ತದೆ. ಕಡಲ ಬದಿಯವರಿಗೆ ಉಪ್ಪುಗಾಳಿಯ ಕಾಟ ಬೇರೆ: ಎಸಳುಗಳು ಬೆರಳು ತಾಗಿದರೆ ಹುಡಿಯಾಗುವಷ್ಟು ತುಕ್ಕು ತಿಂದಿರುತ್ತವೆ. ತೊಳೆಯುವಾಗ ಪ್ರೆಶರ್ ವಾಶ್ ಹತ್ತಿರ ಹಿಡಿಯಬಾರದು, ಎಸಳು ಮಡಚಿ ಗಾಳಿಗೆ ದಾರಿಯೇ ಇಲ್ಲದಂತಾಗುತ್ತದೆ. ತೋಟಕ್ಕೆ ಬಿಡುವ ಪೈಪಿನ ಸಾದಾ ನೀರು ಸಾಕು.

ಘಾಟಿ ಹತ್ತುವಾಗ ಮಾತ್ರ ಬಿಸಿ. ಮುಳ್ಳೇರಿಯ, ಆದೂರು ದಾಟಿ ಜಾಲ್ಸೂರಿನವರೆಗೆ ಕಾರು ಸುಮ್ಮನಿರುತ್ತದೆ. ಸಂಪಾಜೆಯಿಂದ ಮೇಲೆ ಮೂವತ್ತು ಕಿಲೋಮೀಟರಿನೊಳಗೆ ಸುಮಾರು ಒಂದು ಸಾವಿರ ಮೀಟರ್ ಏರಬೇಕು. ಎಂಜಿನ್ ಪೂರ್ತಿ ದುಡಿಯುತ್ತದೆ, ವೇಗ ಕಡಿಮೆ, ಎದುರುಗಾಳಿಯೂ ಕಡಿಮೆ. ಅರ್ಧಂಬರ್ಧ ಕಟ್ಟಿದ ರೇಡಿಯೇಟರ್, ಸೋತ ಪಂಪು ಇಲ್ಲಿ ಸಿಕ್ಕಿಬೀಳುತ್ತವೆ. ಓಡಿಸುವವರ ತಪ್ಪೂ ಇರುತ್ತದೆ. ನಾಲ್ಕನೇ ಗೇರಿನಲ್ಲಿ ಗೊರಗೊರ ಎನ್ನಿಸುತ್ತ ಹತ್ತಿಸಿದರೆ ಎಂಜಿನ್ ನಿಧಾನ ತಿರುಗುತ್ತದೆ, ಅದರೊಟ್ಟಿಗೆ ಪಂಪೂ ನಿಧಾನ. ಎರಡಕ್ಕೋ ಮೂರಕ್ಕೋ ಇಳಿಸಿದರೆ ಸದ್ದು ಹೆಚ್ಚಾದರೂ ನೀರು ಚೆನ್ನಾಗಿ ಸುತ್ತುತ್ತದೆ.

ಹೊರಟ ಐದೇ ನಿಮಿಷಕ್ಕೆ ಬಿಸಿ. ವಾಲ್ವ್ ಮುಚ್ಚಿದಲ್ಲೇ ಸಿಕ್ಕಿಕೊಂಡಿರಬಹುದು. ಮೇಲಿನ ಹೋಸ್ ಪೈಪು ಬಿಸಿ, ಕೆಳಗಿನದ್ದು ತಣ್ಣಗೆ ಇದ್ದರೆ ಆ ಕಡೆಗೇ ಅನುಮಾನ. ಈಚೆಗೆ ಕೂಲೆಂಟ್ ಬದಲಾಯಿಸಿದ್ದರೆ ಒಳಗೆ ಗಾಳಿ ಸೇರಿಕೊಂಡಿರಬಹುದು. ಅಥವಾ ಹೆಡ್ ಗ್ಯಾಸ್ಕೆಟ್. ಅದಕ್ಕೆ ಆಮೇಲೆ ಬರುತ್ತೇನೆ.

ಎಷ್ಟು ಓಡಿದರೂ ಮುಳ್ಳು ಕಾಲು ಭಾಗ ದಾಟುವುದಿಲ್ಲ. ಇದನ್ನು ಒಳ್ಳೆಯ ಸುದ್ದಿ ಎಂದುಕೊಳ್ಳುವವರೇ ಹೆಚ್ಚು. ವಾಲ್ವ್ ತೆರೆದಲ್ಲೇ ನಿಂತಿದೆ, ಇಲ್ಲವೇ ಹಿಂದಿನ ಮಾಲಕ ಕಿತ್ತು ಬಿಸಾಡಿದ್ದಾನೆ.

ಮುಳ್ಳು ಕೆಂಪು ಮುಟ್ಟಿದರೆ

ಏಸಿ ಬಂದ್ ಮಾಡಿ. ಕಿಟಕಿ ಇಳಿಸಿ ಹೀಟರನ್ನು ಪೂರ್ತಿ ಬಿಸಿಗೆ, ಪೂರ್ತಿ ವೇಗಕ್ಕೆ ಹಾಕಿ. ಸೆಕೆಗೆ ಬೆಂದವರಿಗೆ ಇದು ಹುಚ್ಚು ಸಲಹೆ ಅನ್ನಿಸಬಹುದು. ಹೀಟರ್ ಎಂದರೆ ಕಾರಿನೊಳಗಿನ ಎರಡನೇ ಪುಟ್ಟ ರೇಡಿಯೇಟರ್, ಎಂಜಿನ್ನಿನ ಬಿಸಿಯನ್ನೇ ಅದು ಒಳಗೆ ತರುವುದು. ಎರಡು ನಿಮಿಷ ನೀವು ಬೆವರಿದರೆ ಎಂಜಿನ್ನಿಗೆ ಅಷ್ಟು ಉಸಿರು. ಅಷ್ಟರಲ್ಲಿ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. "ಮುಂದಿನ ಪೇಟೆಯವರೆಗೆ ಹೋಗಿಬಿಡುವ" ಎಂಬ ಐದು ಕಿಲೋಮೀಟರಿನಲ್ಲೇ ಎರಡು ಸಾವಿರದ ಕೆಲಸ ಮೂವತ್ತು ಸಾವಿರಕ್ಕೆ ಏರುವುದು.

ಮುಚ್ಚಳ ಮುಟ್ಟಬೇಡಿ. ಒಳಗಿರುವುದು 100 ಡಿಗ್ರಿ ದಾಟಿದ್ದರೂ ಒತ್ತಡದಿಂದ ಕುದಿಯದೆ ಕೂತ ನೀರು. ಮುಚ್ಚಳ ಸಡಿಲಿಸಿದ ಕ್ಷಣ ಅದೆಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಹಾರುತ್ತದೆ. ಕನಿಷ್ಠ ಅರ್ಧ ಗಂಟೆ ಕಾಯಿರಿ, ಮೇಲಿನ ಹೋಸ್ ಪೈಪನ್ನು ಮೆಲ್ಲ ಒತ್ತಿದರೆ ಮೆತ್ತಗಿರಬೇಕು. ಆಮೇಲೂ ದಪ್ಪ ಬಟ್ಟೆ ಹಾಕಿ, ಸ್ವಲ್ಪ ಸ್ವಲ್ಪವೇ ತಿರುಗಿಸಿ. ಕಾದ ಎಂಜಿನ್ನಿಗೆ ತಣ್ಣೀರು ಹೊಯ್ದರೆ ಲೋಹ ಬಿರಿಯುವ ಅಪಾಯ ಇದೆ. ಕಾದ ಕಾವಲಿಗೆ ನೀರು ಚಿಮುಕಿಸಿದಾಗಿನ ಆ ಸದ್ದು ನೆನಪಿಸಿಕೊಳ್ಳಿ.

ಇನ್ನೊಂದು ಮಾತು. ಮುಳ್ಳನ್ನು ಪೂರ್ತಿ ನಂಬಬೇಡಿ. ಅದರ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿದ್ದರೆ ಮಾತ್ರ ಸರಿ ಹೇಳುತ್ತದೆ. ಹೋಸ್ ಒಡೆದು ಕೂಲೆಂಟ್ ಪೂರ್ತಿ ಸೋರಿ ಹೋದರೆ ಸೆನ್ಸರಿನ ಸುತ್ತ ಬರೀ ಗಾಳಿ. ಎಂಜಿನ್ ಬೇಯುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು. ಹೀಟರಿನಿಂದ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಬಂದರೆ, ಬಿಸಿ ಲೋಹದ ವಾಸನೆ ಬಂದರೆ, ಮುಳ್ಳು ಏನೇ ಹೇಳಲಿ ನಿಲ್ಲಿಸಿ.

ಸುರಂಗದ ನೀರು ಕಾರಿಗಲ್ಲ

ನಮ್ಮ ಗುಡ್ಡದ ಮನೆಗಳಲ್ಲಿ ಸುರಂಗದ ನೀರು, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ಬರುವ ನೀರು, ಅಮೃತ. ಕುಡಿಯಲು ಅಡ್ಡಿಯಿಲ್ಲ, ರೇಡಿಯೇಟರಿಗೆ ಬೇಡ. ಮಣ್ಣು ಕಲ್ಲಿನ ಮೂಲಕ ಬಂದ ಯಾವ ನೀರಿನಲ್ಲೂ ಕರಗಿದ ಲವಣ ಇರುತ್ತದೆ. ಬಚ್ಚಲಿನ ಹಂಡೆಯ ಒಳಗೆ ಕಟ್ಟುವ ಪದರ ನೋಡಿದವರಿಗೆ ಹೇಳಬೇಕಾಗಿಲ್ಲ. ಹಂಡೆಗೆ ಅಷ್ಟು ಪದರ ಏನೂ ಅಲ್ಲ, ರೇಡಿಯೇಟರಿನ ಸಪೂರ ಕೊಳವೆಗೆ ಅದೇ ಮರಣ. ಕರಾವಳಿಯ ಬೋರ್‌ವೆಲ್ಲಿನ ಉಪ್ಪುನೀರಾದರೆ ಅಲ್ಯುಮಿನಿಯಮ್ಮನ್ನೇ ತಿನ್ನುತ್ತದೆ.

ಕೂಲೆಂಟ್ ಎಂದರೆ ನೀರಿಗೆ ಗ್ಲೈಕಾಲ್ ಎಂಬ ದ್ರವ ಮತ್ತು ತುಕ್ಕು ತಡೆಯುವ ರಾಸಾಯನಿಕ ಬೆರೆಸಿದ್ದು. ಹಿಮ ಬೀಳದ ಊರಿನಲ್ಲಿ ಗ್ಲೈಕಾಲ್ ಯಾಕೆ ಎಂದು ಕೇಳುವವರಿದ್ದಾರೆ. ಅದು ಕುದಿಯುವ ಮಟ್ಟವನ್ನೂ ಏರಿಸುತ್ತದೆ. ಅದಕ್ಕಿಂತ ಮುಖ್ಯ ತುಕ್ಕುತಡೆ, ವರ್ಷ ಕಳೆದಂತೆ ಅದರ ಶಕ್ತಿ ಮುಗಿಯುವುದರಿಂದಲೇ ಮ್ಯಾನುವಲ್ಲಿನಲ್ಲಿ ಬದಲಾಯಿಸುವ ಅವಧಿ ಕೊಟ್ಟಿರುತ್ತಾರೆ. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತದೆ: ನೇರ ಹೊಯ್ಯುವಂಥದ್ದು ಒಂದು, ಡಿಸ್ಟಿಲ್ಡ್ ವಾಟರ್ ಬೆರೆಸಬೇಕಾದದ್ದು ಇನ್ನೊಂದು. ಡಬ್ಬಿಯ ಮೇಲೆ ಓದಿ. ಹಸಿರು, ಕೆಂಪು, ನೀಲಿ ಎಂದು ಬಣ್ಣ ನೋಡಿ ಜೋಡಿಸಬೇಡಿ, ಬಣ್ಣಕ್ಕೆ ಎಲ್ಲ ಕಂಪೆನಿಗಳಿಗೂ ಒಪ್ಪಿತವಾದ ಅರ್ಥವಿಲ್ಲ. ದಾರಿಯಲ್ಲಿ ಸಿಕ್ಕಿಬಿದ್ದಾಗ ಬಾಟಲಿಯ ಕುಡಿಯುವ ನೀರೇ ಗತಿ, ತಪ್ಪೇನಿಲ್ಲ. ಊರಿಗೆ ಬಂದ ಮೇಲೆ ಖಾಲಿ ಮಾಡಿಸಿ ಸರಿಯಾದದ್ದು ತುಂಬಿಸಿದರಾಯಿತು. ಹಳೆಯ ಕೂಲೆಂಟನ್ನು ಅಂಗಳದಲ್ಲಿ ಚೆಲ್ಲಬೇಡಿ. ಅದು ಸಿಹಿ, ನಾಯಿ ಬೆಕ್ಕು ನೆಕ್ಕುತ್ತವೆ, ಸಾಯುತ್ತವೆ.

ಸೋರಿಕೆ ಕಂಡುಹಿಡಿಯಲು ರಾತ್ರಿ ಕಾರಿನಡಿ ಹಳೆಯ ಪೇಪರ್ ಹಾಸಿಡಿ. ಬಣ್ಣದ ಕಲೆ ಬಿದ್ದರೆ ಕೂಲೆಂಟ್, ಕಪ್ಪೋ ಕಂದೋ ಜಿಡ್ಡಾದರೆ ಎಂಜಿನ್ ಆಯಿಲ್. ಏಸಿ ಹಾಕಿ ಬಂದ ಮೇಲೆ ತೊಟ್ಟಿಕ್ಕುವ ಬಣ್ಣವಿಲ್ಲದ ನೀರು ಸಹಜವಾದದ್ದು.

ಹೆಡ್ ಗ್ಯಾಸ್ಕೆಟ್ ಎಂಬ ಹೆದರಿಕೆ

ಎಂಜಿನ್ನಿನ ಕೆಳಗಿನ ಬ್ಲಾಕ್, ಮೇಲಿನ ಹೆಡ್, ನಡುವೆ ಒಂದು ತೆಳ್ಳನೆಯ ಹಾಳೆ. ಉರಿ, ನೀರು, ಎಣ್ಣೆ ಮೂರೂ ಬೇರೆ ಬೇರೆ ದಾರಿಯಲ್ಲಿ ಆ ಹಾಳೆಯನ್ನು ದಾಟುತ್ತವೆ, ಒಂದರೊಳಗೊಂದು ಸೇರದಂತೆ ಅದು ಕಾಯುತ್ತದೆ. ಒಮ್ಮೆ ಎಂಜಿನ್ ವಿಪರೀತ ಕಾದರೆ ಅಲ್ಯುಮಿನಿಯಂ ಹೆಡ್ ಕೂದಲೆಳೆಯಷ್ಟು ಡೊಂಕಾಗುತ್ತದೆ, ಹಾಳೆ ಬಿಟ್ಟುಕೊಡುತ್ತದೆ.

ಗುರುತುಗಳು: ಕೂಲೆಂಟ್ ಕಡಿಮೆಯಾಗುತ್ತಲೇ ಇದೆ, ಹೊರಗೆ ಸೋರಿಕೆ ಇಲ್ಲ. ಎಂಜಿನ್ ಕಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ. ತಣ್ಣಗಿದ್ದ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿ. ಆಯಿಲ್ ಮಟ್ಟ ನೋಡುವ ಕೋಲಿನಲ್ಲಿ ಹಾಲು ಹಾಕಿದ ಕಾಫಿಯ ಬಣ್ಣ. ಇಲ್ಲೊಂದು ಎಚ್ಚರಿಕೆ. ಮಳೆಗಾಲದಲ್ಲಿ ಎರಡೆರಡೇ ಕಿಲೋಮೀಟರ್ ಓಡುವ ಕಾರಿನಲ್ಲಿ ಆಯಿಲ್ ಮುಚ್ಚಳದ ಒಳಬದಿಗೆ ಸ್ವಲ್ಪ ಬೆಳ್ಳಗಿನ ನೊರೆ ಕಟ್ಟುವುದುಂಟು, ಅದು ಬರೀ ತೇವ. ಕೋಲಿನ ಎಣ್ಣೆಯ ಬಣ್ಣ ಸರಿಯಿದ್ದರೆ ಆ ನೊರೆ ತೋರಿಸಿ ಹೆಡ್ ಬಿಚ್ಚೋಣ ಎನ್ನುವವರಿಗೆ ಒಪ್ಪಬೇಡಿ. ಕೂಲೆಂಟಿನಲ್ಲಿ ಹೊಗೆಯ ಅಂಶ ಇದೆಯೇ ಎಂದು ಬಣ್ಣ ಬದಲಾಗುವ ದ್ರವದಿಂದ ಪರೀಕ್ಷೆ ಮಾಡಬಹುದು. ಮೊದಲು ಅದನ್ನು ಮಾಡಿಸಿ.

ಏಸಿ: ಗ್ಯಾಸ್ ಖರ್ಚಾಗುವುದಿಲ್ಲ

ಇಂಜೆಕ್ಷನ್ ಕೊಡುವ ಮೊದಲು ನರ್ಸಮ್ಮ ತೋಳಿಗೆ ಸ್ಪಿರಿಟ್ ಒರೆಸಿದಾಗ ತಣ್ಣಗಾಗುತ್ತದಲ್ಲ? ದ್ರವ ಆವಿಯಾಗುವಾಗ ಚರ್ಮದ ಬಿಸಿ ಹೊತ್ತೊಯ್ಯುತ್ತದೆ. ಏಸಿಯ ಕೆಲಸ ಪೂರ್ತಿ ಇಷ್ಟೇ, ಆವಿಯಾದದ್ದನ್ನು ಮತ್ತೆ ದ್ರವ ಮಾಡಿ ಸುತ್ತಿಸುವುದು ಮಾತ್ರ ಹೆಚ್ಚುವರಿ. ನಮ್ಮ ಹಳೆಯ ಕಾರುಗಳಲ್ಲಿ ಹೆಚ್ಚಾಗಿರುವ ಆರ್-134ಎ ಗ್ಯಾಸ್ ಸಾಮಾನ್ಯ ಒತ್ತಡದಲ್ಲಿ ಮೈನಸ್ 26 ಡಿಗ್ರಿಗೇ ಕುದಿಯುತ್ತದೆ. ಡ್ಯಾಶ್‌ಬೋರ್ಡಿನೊಳಗಿನ ಕಾಯಿಲಿನಲ್ಲಿ ಅದು ಆವಿಯಾಗಿ ಒಳಗಿನ ಗಾಳಿಯ ಬಿಸಿ ಹೀರುತ್ತದೆ. ಎಂಜಿನ್ನಿನ ಬಲದಿಂದ ತಿರುಗುವ ಕಂಪ್ರೆಸರ್ ಅದನ್ನು ಒತ್ತಿ, ರೇಡಿಯೇಟರಿನ ಮುಂದೆ ಇರುವ ಕಂಡೆನ್ಸರಿಗೆ ಕಳಿಸುತ್ತದೆ. ಅಲ್ಲಿ ಬಿಸಿ ಹೊರಗಿನ ಗಾಳಿಗೆ.

ಕಂಡೆನ್ಸರ್ ಮುಂದೆ, ರೇಡಿಯೇಟರ್ ಹಿಂದೆ. ಏಸಿ ಬಿಸಾಡಿದ ಬಿಸಿಗಾಳಿಯೇ ರೇಡಿಯೇಟರಿಗೆ ಸಿಗುವುದು. ಅದಕ್ಕೇ ಸೋತ ಕಾರು ಏಸಿ ಹಾಕಿದಾಗ ಮಾತ್ರ ಕಾಯುತ್ತದೆ, ಅದಕ್ಕೇ ಉಪ್ಪಳದಲ್ಲಿ ಫ್ಯಾನ್ ನಿಂತದ್ದರಿಂದ ಏಸಿಯೂ ಎಂಜಿನ್ನೂ ಒಟ್ಟಿಗೆ ಕೈಕೊಟ್ಟದ್ದು. ಓಡುವಾಗ ತಣ್ಣಗೆ, ನಿಂತಾಗ ಬಿಸಿ ಎಂಬ ಏಸಿಗೆ ಮೊದಲು ನೋಡಬೇಕಾದದ್ದು ಫ್ಯಾನು ಮತ್ತು ಕಂಡೆನ್ಸರಿನ ಧೂಳು.

ಗ್ಯಾಸ್ ಪೆಟ್ರೋಲಿನಂತೆ ಮುಗಿಯುವ ವಸ್ತುವಲ್ಲ. ಹಳೆಯ ಹೋಸುಗಳಲ್ಲಿ ವರ್ಷಗಳುದ್ದಕ್ಕೆ ಒಂದಿಷ್ಟು ಜಿನುಗುವುದುಂಟು. ಪ್ರತಿ ಬೇಸಗೆ ತುಂಬಿಸಬೇಕಾಗಿ ಬಂದರೆ ಎಲ್ಲೋ ತೂತಿದೆ ಎಂದೇ ಅರ್ಥ. ತೂತು ಹುಡುಕದೆ ಗ್ಯಾಸ್ ತುಂಬಿಸುವುದು ತಳ ಸೋರುವ ಕೊಡಪಾನಕ್ಕೆ ನೀರು ಸೇದಿದಂತೆ. ನೈಟ್ರೋಜನ್ ತುಂಬಿಸಿ ಸಾಬೂನು ನೀರು ಹಚ್ಚಿ ಗುಳ್ಳೆ ನೋಡಿದರೆ ತೂತು ಸಿಗುತ್ತದೆ. ಆಮೇಲೆ ಒಳಗಿನ ಗಾಳಿ ತೇವ ಎಲ್ಲ ವ್ಯಾಕ್ಯೂಮ್ ಮಾಡಿ ತೆಗೆದು, ಬಾನೆಟ್ ಒಳಗಿನ ಚೀಟಿಯಲ್ಲಿ ಬರೆದ ತೂಕದಷ್ಟೇ ತುಂಬಿಸಬೇಕು. ಚಿಕ್ಕ ಕಾರಿಗೆ ಅದು ಅರ್ಧ ಕಿಲೋದ ಆಸುಪಾಸು. ಹೆಚ್ಚಾದರೂ ತಂಪು ಕಡಿಮೆಯಾಗುತ್ತದೆ. ಓಝೋನ್ ಪದರಕ್ಕೆ ಕುತ್ತಾದ ಹಳೆಯ ಆರ್-12 ಗ್ಯಾಸ್ 2010ರ ಹೊತ್ತಿಗೆ ದೇಶದಲ್ಲಿ ನಿಂತುಹೋಯಿತು. ತೊಂಬತ್ತರ ದಶಕದ ಗಾಡಿ ಇಟ್ಟುಕೊಂಡವರು ಯಾವ ಗ್ಯಾಸಿಗೆ ಬದಲಾಗಿದೆ ಎಂದು ಕೇಳಿ ತಿಳಿದುಕೊಳ್ಳಿ.

ಗಾಳಿಯೇ ಕಡಿಮೆ ಬರುತ್ತಿದ್ದರೆ ಅದು ಗ್ಯಾಸಿನ ವಿಷಯವೇ ಅಲ್ಲ. ಒಳಗೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ಎಳೆದು ನೋಡಿ. ಮುಂದಿನ ಎಡಸೀಟಿನ ಕಾಲಡಿ ಮ್ಯಾಟ್ ಒದ್ದೆಯಾಗಿದ್ದರೆ ಮೂಸಿ ನೋಡಿ: ವಾಸನೆಯಿಲ್ಲದ ನೀರಾದರೆ ಏಸಿಯ ಡ್ರೈನ್ ಪೈಪು ಕಟ್ಟಿದೆ, ಸಿಹಿ ವಾಸನೆಯ ಜಿಡ್ಡಾದರೆ ಹೀಟರ್ ಕೋರ್, ಅಂದರೆ ಹೀಟರಿನ ಆ ಪುಟ್ಟ ರೇಡಿಯೇಟರ್, ಸೋರುತ್ತಿದೆ. ಹಾಗೆ ಸೋರಿದ ಹೀಟರನ್ನು ಪೈಪು ಕಡಿದು ಬದಿಗಿಟ್ಟ ಕಾರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಆಷಾಢದ ಮಳೆಯಲ್ಲಿ ಗಾಜಿಗೆ ಮಂಜು ಹಿಡಿದಾಗ ಅದರ ಬೆಲೆ ಗೊತ್ತಾಗುತ್ತದೆ. ಏಸಿ ಗಾಳಿಯ ತೇವ ತೆಗೆಯುತ್ತದೆ, ಹೀಟರ್ ಆ ಗಾಳಿಯನ್ನು ಬೆಚ್ಚಗೆ ಮಾಡುತ್ತದೆ, ಎರಡೂ ಒಟ್ಟಿಗೆ ಹಾಕಿದರೆ ಗಾಜು ಬೇಗ ತಿಳಿಯಾಗುತ್ತದೆ.

ಹೊಗೆ, ಜರ್ಕು, ಇಲಿ

ಎಂಜಿನ್ನಿನ ಉಳಿದ ಕಾಯಿಲೆಗಳಿಗೂ ಇದೇ ರೀತಿ, ಯಾವಾಗ ಎಂದು ಕೇಳಿಕೊಳ್ಳುವುದು. ನೀಲಿ ಹೊಗೆ ಎಂದರೆ ಎಣ್ಣೆ ಉರಿಯುತ್ತಿದೆ. ಬೆಳಗ್ಗೆ ಚಾಲೂ ಮಾಡಿದಾಗ ಒಂದು ಮುದ್ದೆ ಬಂದು ನಿಂತರೆ ವಾಲ್ವ್ ಸೀಲು (ಥರ್ಮೋಸ್ಟಾಟಿನದ್ದಲ್ಲ, ಹೆಡ್ಡಿನೊಳಗಿನ ವಾಲ್ವುಗಳದ್ದು), ಓಡುವಾಗಲೂ ಬರುತ್ತಲೇ ಇದ್ದರೆ ಪಿಸ್ಟನ್ ರಿಂಗು. ಕಪ್ಪು ಹೊಗೆಯಾದರೆ ಇಂಧನ ಹೆಚ್ಚು, ಗಾಳಿ ಕಡಿಮೆ: ಏರ್ ಫಿಲ್ಟರಿನಿಂದ ಶುರು ಮಾಡಿ. ಮಳೆಗಾಲದ ಬೆಳಗ್ಗೆ ಮಾತ್ರ ಜರ್ಕು ಹೊಡೆದರೆ ಪ್ಲಗ್ ವಯರಿಗೋ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಕಾಯಿಲಿಗೋ ತೇವ ಹತ್ತಿರಬಹುದು, ಬಿಸಿಯಾದ ಮೇಲೆ ಮಾತ್ರ ಎಂಜಿನ್ ನಿಂತುಹೋದರೆ ಸೆನ್ಸರ್, ಕಾಯಿಲ್, ಪೆಟ್ರೋಲ್ ಪಂಪಿನ ಕಡೆ ನೋಡಬೇಕು. ಚೆಕ್ ಎಂಜಿನ್ ದೀಪ ಇರುವ ಗಾಡಿಯಾದರೆ ಸ್ಕ್ಯಾನರ್ ಹಾಕಿಸಿ. ಸ್ಕ್ಯಾನರ್ ಕೊಡುವುದು ಕೇರಿಯ ಹೆಸರು, ಮನೆ ನಂಬರ್ ಮೆಕ್ಯಾನಿಕ್ಕೇ ಹುಡುಕಬೇಕು.

2025ರಿಂದ ಬಂಕುಗಳಲ್ಲಿ ಸಾಮಾನ್ಯವಾದ ಶೇ. 20 ಎಥನಾಲ್ ಬೆರೆತ ಪೆಟ್ರೋಲಿನ ಬಗ್ಗೆ ಕೇಳುವವರು ಬಹಳ. ಲೀಟರ್ ಲೆಕ್ಕದಲ್ಲಿ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ, ಆದ್ದರಿಂದ ಮೈಲೇಜ್ ಸ್ವಲ್ಪ ಇಳಿಯುತ್ತದೆ. ಅದು ತೇವವನ್ನೂ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಹಳೆಯ ಕಾರಿನ ಪೆಟ್ರೋಲ್ ಪೈಪಿನ ರಬ್ಬರ್ ಬಿರಿದಿದೆಯೇ ಎಂದು ವರ್ಷಕ್ಕೊಮ್ಮೆ ಬೆರಳಾಡಿಸಿ ನೋಡಿ. ಅಲ್ಲಿ ಪೆಟ್ರೋಲಿನ ವಾಸನೆ ಬಂದರೆ ಕಾರು ಹೊರಗೆ ತೆಗೆಯಬೇಡಿ.

ಇನ್ನು ತೋಟದ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಕಾಯಿಲೆ. ಹೋದ ಮಳೆಗಾಲ ನಮ್ಮ ಕಾರು ಗುಡ್ಡ ಹತ್ತುವಾಗ ಉಸಿರು ಕಟ್ಟಿದಂತೆ ಮಾಡತೊಡಗಿತು. ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದರೆ ಒಳಗೆ ತೆಂಗಿನ ನಾರಿನ ಹಾಸಿಗೆ, ಅದರ ಮೇಲೆ ಹದಿನೇಳು ಅಡಿಕೆ. ಫಿಲ್ಟರನ್ನು ಕಡಿದು ದಿಂಬು ಮಾಡಿಕೊಂಡಿತ್ತು ಇಲಿ. ಫ್ಯಾನಿನ ವಯರಿನ ಸಿಪ್ಪೆಯನ್ನೂ ರುಚಿ ನೋಡಿತ್ತು. ಇಚ್ಚ ಅಡಿಕೆಗಳನ್ನು ಒಂದೊಂದಾಗಿ ಎಣಿಸಿ ನನ್ನ ಕೈಗೆ ಹಾಕಿದರು. "ಲೇಬರ್ ಚಾರ್ಜ್ ಬೇಡ ಮಾಷ್ಟ್ರೇ, ಇದು ಒಣಗಿ ಉಂಟು, ಮಾರಬಹುದು."